ಪಕ್ಷದ ಮಡಿ, ಆತ್ಮಸಾಕ್ಷಿಯ ಮತ: ಐರ್ಲೆಂಡಿನ ಎಡಪಕ್ಷಗಳು ಮತ್ತು ಗರ್ಭಪಾತದ ರಾಜಕಾರಣ



ಎರಡು ಶಿಸ್ತುಕ್ರಮಗಳಿಂದ ಮಾತು ಶುರು ಮಾಡುತ್ತೇನೆ. ಎರಡೂ ಐರ್ಲೆಂಡಿನವು, ಎರಡೂ ಎಡಕ್ಕೆ ವಾಲಿದ ಪಕ್ಷಗಳು ಕೈಗೊಂಡವು.

2015ರ ಫೆಬ್ರುವರಿಯಲ್ಲಿ ಲೇಬರ್ ಪಕ್ಷ ವಿಕ್ಲೋ ಕ್ಷೇತ್ರದ ತನ್ನ ಸದಸ್ಯೆ ಆ್ಯನ್ ಫೆರಿಸ್ ಅವರನ್ನು ಸಂಸದೀಯ ಪಕ್ಷದಿಂದ ಹೊರಹಾಕಿತು. ಹುಟ್ಟಿದರೂ ಬದುಕುವ ಸಾಧ್ಯತೆಯೇ ಇಲ್ಲದ ಭ್ರೂಣವಿದ್ದಾಗ ಗರ್ಭಪಾತಕ್ಕೆ ಅವಕಾಶ ಇರಬೇಕು ಎಂಬ ಖಾಸಗಿ ಮಸೂದೆಯೊಂದು ಸದನಕ್ಕೆ ಬಂದಿತ್ತು. ಫೆರಿಸ್ ಅದರ ಪರ ಮತ ಹಾಕಿದ್ದರು. ಮೂರು ವರ್ಷ ಕಳೆದು, 2018ರ ಅಕ್ಟೋಬರಿನಲ್ಲಿ, ಗರ್ಭಪಾತವನ್ನು ಕಾನೂನುಬದ್ಧಗೊಳಿಸುವ ಸರ್ಕಾರಿ ಮಸೂದೆ ಅದೇ ಸದನಕ್ಕೆ ಬಂತು. ಶಿನ್ ಫೇನ್ ಪಕ್ಷದ ಪ್ಯಾಡರ್ ಟೊಬೀನ್ ಅದರ ವಿರುದ್ಧ ಮತ ಹಾಕಿದರು. ಪಕ್ಷ ಅವರನ್ನು ಆರು ತಿಂಗಳು ಅಮಾನತಿನಲ್ಲಿಟ್ಟಿತು. ಒಬ್ಬರು ಪಕ್ಷಕ್ಕಿಂತ ಎರಡು ಹೆಜ್ಜೆ ಮುಂದೆ ಹೋದರು, ಇನ್ನೊಬ್ಬರು ಪಕ್ಷದ ಜೊತೆ ಹೆಜ್ಜೆ ಹಾಕಲು ಒಪ್ಪಲಿಲ್ಲ. ಇಬ್ಬರಿಗೂ ಸಿಕ್ಕಿದ್ದು ಒಂದೇ ತೆರನಾದ ಶಿಕ್ಷೆ.

ಎಡಪಕ್ಷಗಳು ತತ್ತ್ವಕ್ಕೆ ಕಟ್ಟುಬಿದ್ದವು, ಆದ್ದರಿಂದ ಅಲ್ಲಿ ಶಿಸ್ತು ಬಿಗಿ ಎನ್ನುವುದು ನಾವು ಕೇಳುತ್ತ ಬಂದ ಮಾತು. 2008ರಲ್ಲಿ ಲೋಕಸಭೆಯ ಅಧ್ಯಕ್ಷ ಪೀಠದಲ್ಲಿದ್ದ ಸೋಮನಾಥ ಚಟರ್ಜಿಯವರನ್ನು ಸಿಪಿಎಂ ಉಚ್ಚಾಟಿಸಿದಾಗಲೂ ಇದೇ ಸಮರ್ಥನೆ ಬಂದಿತ್ತು. ಸಾಮೂಹಿಕವಾಗಿ ತೀರ್ಮಾನಿಸಿದ್ದನ್ನು ಒಬ್ಬೊಬ್ಬರೂ ತಮಗೆ ತೋಚಿದಂತೆ ಮುರಿದರೆ ದುಡಿಯುವ ಜನರ ಪಕ್ಷಕ್ಕೆ ಉಳಿಯುವ ಬಲವೇನು ಎಂಬ ಪ್ರಶ್ನೆ ಸಣ್ಣದಲ್ಲ. ನಾನೂ ಅದನ್ನು ಹಗುರವಾಗಿ ಕಾಣುವವನಲ್ಲ. ಆದರೆ ಐರ್ಲೆಂಡಿನ ಕಥೆಯನ್ನು ತಾರೀಖುಗಳ ಸಮೇತ ಓದಿದಾಗ ಬೇರೆಯೇ ಚಿತ್ರ ಕಾಣುತ್ತದೆ. ಅಲ್ಲಿನ ಎಡಪಕ್ಷಗಳು ತತ್ತ್ವ ಕಷ್ಟಕ್ಕೆ ಸಿಕ್ಕಿದ್ದಾಗ ಸಡಿಲವಾಗಿದ್ದವು, ತತ್ತ್ವಕ್ಕೆ ಜನಬೆಂಬಲ ಸಿಕ್ಕ ಮೇಲೆ ಬಿಗಿಯಾದವು. ಇವತ್ತಿನ ನನ್ನ ವಾದ ಇಷ್ಟೇ. ಉಳಿದದ್ದು ಅದಕ್ಕೆ ಸಾಕ್ಷ್ಯ.

ಹಿನ್ನೆಲೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಐರ್ಲೆಂಡಿನಲ್ಲಿ ಗರ್ಭಪಾತ ಅಪರಾಧವಾದದ್ದು 1861ರ ಬ್ರಿಟಿಷ್ ಕಾಯ್ದೆಯಿಂದ. ಅದಕ್ಕೆ ಒಂದು ವರ್ಷ ಮೊದಲು, 1860ರಲ್ಲಿ, ನಮ್ಮ ದಂಡಸಂಹಿತೆಯ 312ನೇ ಕಲಮು ಇದೇ ಕೃತ್ಯವನ್ನು ಅಪರಾಧವೆಂದು ಬರೆದಿತ್ತು. ಎರಡೂ ಒಂದೇ ಅಡುಗೆಮನೆಯ ಪದಾರ್ಥಗಳು. ಭಾರತ 1971ರ ಕಾಯ್ದೆಯ ಮೂಲಕ ಅದಕ್ಕೆ ವಿನಾಯಿತಿಯ ಬಾಗಿಲು ತೆರೆಯಿತು. ಸ್ವತಂತ್ರ ಐರ್ಲೆಂಡ್ ಇದ್ದ ಬೀಗದ ಮೇಲೆ ಮತ್ತೊಂದು ಬೀಗ ಹಾಕಿತು. ಅಮೆರಿಕದಲ್ಲಿ ಆದಂತೆ ಐರ್ಲೆಂಡಿನಲ್ಲೂ ನ್ಯಾಯಾಲಯವೊಂದು ಈ ಹಕ್ಕನ್ನು ಕೊಟ್ಟುಬಿಟ್ಟೀತು ಎಂಬ ಭಯದಿಂದ 1981ರಲ್ಲಿ ಕ್ಯಾಥೊಲಿಕ್ ಸಂಘಟನೆಗಳು ಸಂವಿಧಾನ ತಿದ್ದುಪಡಿಗೆ ಒತ್ತಾಯ ಶುರು ಮಾಡಿದವು. ಹದಿನೆಂಟು ತಿಂಗಳಲ್ಲಿ ಮೂರು ಸಾರ್ವತ್ರಿಕ ಚುನಾವಣೆ ನಡೆದ ಕಾಲ ಅದು. ಒಂದೊಂದು ಮತಕ್ಕೂ ಪರದಾಡುತ್ತಿದ್ದ ಎರಡೂ ದೊಡ್ಡ ಪಕ್ಷಗಳ ನಾಯಕರು ಕೇಳಿದವರಿಗೆ ಮಾತು ಕೊಟ್ಟುಬಿಟ್ಟರು. 1983ರ ಸೆಪ್ಟೆಂಬರ್ 7ರಂದು ಜನಮತಗಣನೆ ನಡೆದು, ಮತ ಹಾಕಿದವರಲ್ಲಿ ಸುಮಾರು ಮೂರನೇ ಎರಡು ಭಾಗ ಜನ ಎಂಟನೇ ತಿದ್ದುಪಡಿಗೆ ಒಪ್ಪಿಗೆ ಕೊಟ್ಟರು. ತಾಯಿಯ ಜೀವದ ಹಕ್ಕು, ಹುಟ್ಟದ ಕೂಸಿನ ಜೀವದ ಹಕ್ಕು ಎರಡೂ ಸರಿಸಮಾನ ಎಂದು ಸಂವಿಧಾನ ಹೇಳಿತು. ಈ ವಾಕ್ಯರಚನೆ ಗೊಂದಲಕ್ಕೆ ದಾರಿ ಎಂದು ಅಟಾರ್ನಿ ಜನರಲ್ ಪೀಟರ್ ಸದರ್‌ಲ್ಯಾಂಡ್ ಮೊದಲೇ ಎಚ್ಚರಿಸಿದ್ದರು. ಕಿವಿಗೆ ಹಾಕಿಕೊಂಡವರು ಕಡಿಮೆ.

ಆಗ ಅಧಿಕಾರದಲ್ಲಿದ್ದದ್ದು ಫಿನ ಗೇಲ್ ಮತ್ತು ಲೇಬರ್ ಪಕ್ಷಗಳ ಸಮ್ಮಿಶ್ರ ಸರ್ಕಾರ. ಲೇಬರ್ ಎಂದರೆ ಕಾರ್ಮಿಕ ಸಂಘಗಳ ಪಕ್ಷ, ಜೇಮ್ಸ್ ಕಾನೊಲಿಯ ಹೆಸರು ಹೇಳುವ ಪಕ್ಷ. ಅದು ಏನು ಮಾಡಿತು? ಒಂದು ಗೆರೆ ಎಳೆಯಲಿಲ್ಲ. ಆರೋಗ್ಯ ಸಚಿವರಾಗಿದ್ದ ಲೇಬರ್‌ನ ಬ್ಯಾರಿ ಡೆಸ್ಮಂಡ್ ತಿದ್ದುಪಡಿಯನ್ನು ಬಹಿರಂಗವಾಗಿಯೇ ವಿರೋಧಿಸಿದರು. ಮುಂದೆ ರಾಷ್ಟ್ರಾಧ್ಯಕ್ಷೆಯಾದ ಮೇರಿ ರಾಬಿನ್‌ಸನ್ ಆಗ ಲೇಬರ್ ಸೆನೆಟರ್, ಅವರೂ ವಿರೋಧಿಸಿದರು. ಗಾಲ್ವೇ ನಗರದ ಮೈಕೆಲ್ ಡಿ. ಹಿಗ್ಗಿನ್ಸ್ ತಮ್ಮೂರಿನಲ್ಲೇ ಬೈಗುಳ ತಿಂದು ವಿರೋಧಿಸಿದರು. ಅದೇ ಪಕ್ಷದ ಇನ್ನು ಕೆಲವರು ತಿದ್ದುಪಡಿಯ ಪರ ನಿಂತರು. ಯಾರಿಗೂ ನೋಟಿಸಿಲ್ಲ, ಅಮಾನತಿಲ್ಲ. ಎಲ್ಲರೂ ಅವರವರ ಆತ್ಮಸಾಕ್ಷಿಯಂತೆ ನಡೆಯಲಿ ಎಂದು ಪಕ್ಷ ಬಿಟ್ಟುಬಿಟ್ಟಿತು. ಸಂವಿಧಾನಕ್ಕೆ ಇಂಥದೊಂದು ವಾಕ್ಯ ಸೇರಿಕೊಳ್ಳುತ್ತಿದ್ದ ಹೊತ್ತಿನಲ್ಲಿ, ಸಿದ್ಧಾಂತದ ಶುದ್ಧತೆ ಅತ್ಯಂತ ಅಗತ್ಯವಿದ್ದ ದಿನ, ಅದನ್ನು ಕೇಳಿದವರೇ ಇಲ್ಲ.

ಶಿನ್ ಫೇನ್ ಕಥೆ ಇನ್ನೂ ಸ್ವಾರಸ್ಯಕರ. ಸಶಸ್ತ್ರ ಹೋರಾಟದ ನೆರಳಿನಲ್ಲಿ ಬೆಳೆದ ಪಕ್ಷ ಅದು. ಅಲ್ಲಿ ಶಿಸ್ತು ಎಂದರೆ ಭೂಗತ ಸಂಘಟನೆಯ ಶಿಸ್ತು. 1985ರ ಮಹಾಧಿವೇಶನದಲ್ಲಿ ಪಕ್ಷದ ಕಾರ್ಯಕರ್ತೆಯರು ಪಟ್ಟು ಹಿಡಿದು, ಹೆಣ್ಣಿಗೆ ಆಯ್ಕೆಯ ಹಕ್ಕಿದೆ ಎಂಬ ನಿರ್ಣಯವನ್ನು ಬೆರಳೆಣಿಕೆಯ ಮತಗಳ ಅಂತರದಲ್ಲಿ ಗೆಲ್ಲಿಸಿಕೊಂಡರು. ನಾಯಕರಿಗೆ ಗಾಬರಿಯಾಯಿತು. ಮರುವರ್ಷದ ಮಹಾಧಿವೇಶನ ಆ ನಿರ್ಣಯವನ್ನು ಅಳಿಸಿಹಾಕಿತು. ಅದೇ 1986ರಲ್ಲಿ ಪಕ್ಷ ಒಡೆಯಿತು ಕೂಡ. ಒಡೆದದ್ದು ಈ ವಿಷಯಕ್ಕಲ್ಲ. ಡಬ್ಲಿನ್ ಸಂಸತ್ತಿಗೆ ಗೆದ್ದವರು ಒಳಗೆ ಹೋಗಿ ಕುರ್ಚಿಯಲ್ಲಿ ಕೂರಬಹುದೇ, ಕೂತರೆ ದೇಶ ವಿಭಜನೆಯನ್ನು ಒಪ್ಪಿಕೊಂಡಂತಾಗುವುದಿಲ್ಲವೇ ಎಂಬ ಪ್ರಶ್ನೆಗೆ. ಅಂದಿನ ಶುದ್ಧತೆಯ ಪರೀಕ್ಷೆ ಅದಾಗಿತ್ತು. ಹೆಂಗಸರ ವಿಷಯ ಪಕ್ಷ ಒಡೆಯುವಷ್ಟು ದೊಡ್ಡದು ಎಂದು ಎರಡೂ ಬಣಗಳಿಗೆ ಅನ್ನಿಸಲಿಲ್ಲ.

ಆ ಹೆಂಗಸರು ಏನು ಮಾಡುತ್ತಿದ್ದರು? ಹಡಗು ಅಥವಾ ವಿಮಾನ ಹತ್ತಿ ಇಂಗ್ಲೆಂಡಿಗೆ ಹೋಗುತ್ತಿದ್ದರು. ಇಂಗ್ಲೆಂಡ್ ಮತ್ತು ವೇಲ್ಸ್‌ನ ಕ್ಲಿನಿಕ್ಕುಗಳಲ್ಲಿ ಐರ್ಲೆಂಡಿನ ವಿಳಾಸ ಬರೆಸಿ ಗರ್ಭಪಾತ ಮಾಡಿಸಿಕೊಂಡವರ ಸಂಖ್ಯೆ 2001ರಲ್ಲಿ 6,673. ಗುಳಿಗೆಗಳು ಅಂಚೆಯಲ್ಲಿ ಬರತೊಡಗಿದ ಮೇಲೂ, 2016ರಲ್ಲಿ, 3,265. ಸುಳ್ಳು ವಿಳಾಸ ಬರೆಸಿದವರು ಈ ಲೆಕ್ಕದಲ್ಲಿಲ್ಲ. ಟಿಕೆಟ್ಟಿಗೆ ದುಡ್ಡಿಲ್ಲದವರು, ವೀಸಾ ಇಲ್ಲದ ವಲಸಿಗರು, ಮನೆಯಲ್ಲಿ ಹೇಳಲಾಗದ ಹುಡುಗಿಯರು ಇದರಲ್ಲಿ ಬರುವುದೇ ಇಲ್ಲ. ಉಳ್ಳವರಿಗೆ ಲಂಡನ್ ಇತ್ತು, ಇಲ್ಲದವರಿಗೆ ಎಂಟನೇ ತಿದ್ದುಪಡಿ ಇತ್ತು. ಎಡಪಕ್ಷಕ್ಕೆ ಇದಕ್ಕಿಂತ ಸ್ಪಷ್ಟವಾದ ವರ್ಗ ಪ್ರಶ್ನೆ ಬೇಕೇ? ಆದರೂ ಕಾರ್ಮಿಕರ ಪಕ್ಷ ಇದನ್ನು ಮತಧರ್ಮದ ವಿಷಯ, ಖಾಸಗಿ ನಂಬಿಕೆಯ ವಿಷಯ ಎಂದು ಬದಿಗಿಟ್ಟುಕೊಂಡು ಬಂತು.

1992ರಲ್ಲಿ ಸುಪ್ರೀಂ ಕೋರ್ಟ್ ಒಂದು ಕಿಂಡಿ ತೆರೆಯಿತು. ಅತ್ಯಾಚಾರಕ್ಕೊಳಗಾಗಿ ಗರ್ಭಿಣಿಯಾದ ಹದಿನಾಲ್ಕು ವರ್ಷದ ಹುಡುಗಿ ಇಂಗ್ಲೆಂಡಿಗೆ ಹೋಗದಂತೆ ಸರ್ಕಾರ ತಡೆಯಾಜ್ಞೆ ತಂದಿತ್ತು. ಆಕೆ ಆತ್ಮಹತ್ಯೆಯ ಯೋಚನೆಯಲ್ಲಿದ್ದಳು. ತಾಯಿಯ ಜೀವಕ್ಕೆ ನಿಜವಾದ ಅಪಾಯವಿದ್ದರೆ, ಆತ್ಮಹತ್ಯೆಯ ಅಪಾಯವೂ ಸೇರಿ, ಗರ್ಭಪಾತಕ್ಕೆ ಅವಕಾಶವಿದೆ ಎಂದು ನ್ಯಾಯಾಲಯ ಹೇಳಿತು. ಎಕ್ಸ್ ಪ್ರಕರಣ ಎಂದು ಅದಕ್ಕೆ ಹೆಸರು. ಆದರೆ ಯಾವ ವೈದ್ಯರು, ಯಾವ ಹಂತದಲ್ಲಿ, ಹೇಗೆ ನಿರ್ಧರಿಸಬೇಕು ಎಂದು ಹೇಳುವ ಕಾನೂನನ್ನು ಸಂಸತ್ತು ಮಾಡಬೇಕಿತ್ತು. ಮಾಡಲಿಲ್ಲ. ಒಂದು ವರ್ಷವಲ್ಲ, ಎರಡು ವರ್ಷವಲ್ಲ, ಇಪ್ಪತ್ತು ವರ್ಷ ಮಾಡಲಿಲ್ಲ. ಈ ಅವಧಿಯಲ್ಲಿ ಲೇಬರ್ ಪಕ್ಷ ಒಂದಕ್ಕಿಂತ ಹೆಚ್ಚು ಬಾರಿ ಅಧಿಕಾರದಲ್ಲಿತ್ತು. 2010ರ ಡಿಸೆಂಬರಿನಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಈ ವಿಳಂಬಕ್ಕೆ ಛೀಮಾರಿ ಹಾಕಿದ ಮೇಲೆ, ಹೊಸದಾಗಿ ಬಂದ ಫಿನ ಗೇಲ್–ಲೇಬರ್ ಸರ್ಕಾರ ತಜ್ಞರ ಸಮಿತಿಯೊಂದನ್ನು ನೇಮಿಸಿ ಉಸಿರು ಬಿಟ್ಟಿತು. ಸಮಿತಿ ನೇಮಿಸಿ ಉಸಿರು ಬಿಡುವ ಕಲೆ ನಮಗೇನೂ ಅಪರಿಚಿತವಲ್ಲ.

ಈಗ 2012ರ ಏಪ್ರಿಲ್‌ಗೆ ಬನ್ನಿ. ಈ ದಿನಾಂಕದ ಮೇಲೆ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ಐರಿಷ್ ಎಡಪಂಥದ ನಿಜವಾದ ಪರೀಕ್ಷೆ ನಡೆದದ್ದು ಅಂದು, 2018ರಲ್ಲಲ್ಲ. ಸೋಷಲಿಸ್ಟ್ ಪಕ್ಷದಿಂದ ಗೆದ್ದು ಬಂದಿದ್ದ ಕ್ಲೇರ್ ಡೇಲಿ ಒಂದು ಖಾಸಗಿ ಮಸೂದೆ ತಂದರು. ಅದರಲ್ಲಿ ಕ್ರಾಂತಿಕಾರಿಯಾದದ್ದು ಏನೂ ಇರಲಿಲ್ಲ. ಇಪ್ಪತ್ತು ವರ್ಷದ ಹಿಂದೆ ಸುಪ್ರೀಂ ಕೋರ್ಟ್ ಹೇಳಿದ್ದನ್ನು, ಅಂದರೆ ತಾಯಿಯ ಜೀವಕ್ಕೆ ಅಪಾಯವಿದ್ದಾಗ ಅವಕಾಶ ಎಂಬುದನ್ನು, ಕಾನೂನಿನ ಭಾಷೆಯಲ್ಲಿ ಬರೆಯುವ ಮಸೂದೆ ಅದು. ಎಕ್ಸ್ ಪ್ರಕರಣಕ್ಕೆ ಕಾನೂನು ಬೇಕು ಎಂಬುದು ಲೇಬರ್ ಪಕ್ಷದ ಅಧಿಕೃತ ನಿಲುವೇ ಆಗಿತ್ತು. ಮತ ಎಣಿಸಿದಾಗ ಪರ 20, ವಿರುದ್ಧ 109. ವಿರುದ್ಧದ ಆ ಸಾಲಿನಲ್ಲಿ ಲೇಬರ್ ಸದಸ್ಯರೂ ನಿಂತಿದ್ದರು. ತಮ್ಮ ಪಕ್ಷದ ನಿಲುವನ್ನು ತಾವೇ ಸೋಲಿಸಲು ಅವರು ಕೊಟ್ಟ ಕಾರಣ: ತಜ್ಞರ ಸಮಿತಿಯ ವರದಿ ಬರಲಿ. ಕೊಡದ ಕಾರಣ: ಮಿತ್ರಪಕ್ಷ ಫಿನ ಗೇಲ್ ಮುನಿಸಿಕೊಂಡೀತು.

ಪಕ್ಷದ ಸಿದ್ಧಾಂತವನ್ನು ಮುರಿದ ಆ ಲೇಬರ್ ಸದಸ್ಯರಲ್ಲಿ ಒಬ್ಬರ ಮೇಲಾದರೂ ಶಿಸ್ತುಕ್ರಮ ಆಯಿತೇ? ಅವರು ವಿಪ್ ಪಾಲಿಸಿದ್ದರಲ್ಲ! ಸಿದ್ಧಾಂತ ಮುರಿದರೆ ನಡೆಯುತ್ತದೆ, ವಿಪ್ ಮುರಿಯಬಾರದು.

ವರದಿ ಬಂತು. 2012ರ ನವೆಂಬರ್ 13ರ ರಾತ್ರಿ ಅದು ಆರೋಗ್ಯ ಸಚಿವರ ಕೈ ಸೇರಿತು. ಮರುದಿನ ಬೆಳಿಗ್ಗೆ ಐರಿಷ್ ಟೈಮ್ಸ್ ಪತ್ರಿಕೆಯ ಮುಖಪುಟದಲ್ಲಿ ನಮ್ಮ ಬೆಳಗಾವಿಯ ಹುಡುಗಿಯ ಸುದ್ದಿ ಇತ್ತು.

ಸವಿತಾ ಹಾಲಪ್ಪನವರ ಬಗ್ಗೆ ಈ ಸಭಾಂಗಣದಲ್ಲಿ ಪರಿಚಯ ಹೇಳಬೇಕಾಗಿಲ್ಲ. ಮೂವತ್ತೊಂದು ವರ್ಷದ ದಂತವೈದ್ಯೆ, ಹದಿನೇಳು ವಾರದ ಬಸುರಿ. ಬೆನ್ನುನೋವೆಂದು ಅಕ್ಟೋಬರ್ 21ರಂದು ಗಾಲ್ವೇ ನಗರದ ಆಸ್ಪತ್ರೆಗೆ ಹೋದರು. ಗರ್ಭ ಉಳಿಯುವುದಿಲ್ಲ ಎಂದು ವೈದ್ಯರೇ ಹೇಳಿದರು. ಹಾಗಿದ್ದರೆ ತೆಗೆದುಬಿಡಿ ಎಂದು ದಂಪತಿ ಕೇಳಿದರು. ಭ್ರೂಣದ ಹೃದಯ ಇನ್ನೂ ಮಿಡಿಯುತ್ತಿದೆ, ಕಾನೂನಿನಲ್ಲಿ ಆಗುವುದಿಲ್ಲ ಎಂಬ ಉತ್ತರ ಬಂತು. ಇದು ಕ್ಯಾಥೊಲಿಕ್ ದೇಶ ಎಂಬ ಮಾತನ್ನು ಆಡಿದ್ದು ನಿಜವೆಂದು ದಾದಿಯೊಬ್ಬರು ಮುಂದೆ ಮರಣ ವಿಚಾರಣೆಯಲ್ಲಿ ಒಪ್ಪಿಕೊಂಡರು. ಆಕೆ ಕೇಡು ಬಗೆದು ಆಡಿದ ಮಾತಲ್ಲ; ಇಲ್ಲಿ ಹೀಗೇಕೆ ಎಂದು ಪರದೇಶದವಳಿಗೆ ವಿವರಿಸಲು ಆಡಿದ್ದು. ಹೃದಯ ಮಿಡಿತ ನಿಂತದ್ದು 24ರಂದು. ಅಷ್ಟರಲ್ಲಿ ನಂಜು ರಕ್ತಕ್ಕೆ ಏರಿತ್ತು. 28ರ ನಸುಕಿನಲ್ಲಿ ಸವಿತಾ ತೀರಿಕೊಂಡರು.

ಏಪ್ರಿಲ್‌ನಲ್ಲಿ ಡೇಲಿಯವರ ಮಸೂದೆ ಗೆದ್ದಿದ್ದರೆ ಸವಿತಾ ಬದುಕುತ್ತಿದ್ದರು ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವುದು ಸುಲಭ, ಭಾಷಣಕ್ಕೂ ಚೆಂದ. ಆದರೆ ರಕ್ತಪರೀಕ್ಷೆಯ ಫಲಿತಾಂಶ ನೋಡದೆ ಹೋದದ್ದು, ನಿಗಾ ಸಾಲದೆ ಹೋದದ್ದು ಇವೂ ತನಿಖೆಯಲ್ಲಿ ಹೊರಬಂದವು. ಪ್ರೊಫೆಸರ್ ಸಬಾರತ್ನಂ ಅರುಳ್‌ಕುಮಾರನ್ ನೇತೃತ್ವದ ಸಮಿತಿ 2013ರ ಜೂನ್‌ನಲ್ಲಿ ಕೊಟ್ಟ ವರದಿ ಈ ಲೋಪಗಳನ್ನು ಪಟ್ಟಿ ಮಾಡಿ, ಜೊತೆಗೆ ಇನ್ನೊಂದನ್ನೂ ಹೇಳಿತು. ಭ್ರೂಣದ ಹೃದಯ ನಿಲ್ಲುವ ತನಕ ಕಾಯಬೇಕು ಎಂಬುದಕ್ಕೆ ಕೊಟ್ಟ ಅತಿಯಾದ ಮಹತ್ವವೂ ಕಾರಣ, ಕಾನೂನನ್ನು ಸ್ಪಷ್ಟಗೊಳಿಸಬೇಕು ಎಂದಿತು. ಸ್ಪಷ್ಟಗೊಳಿಸಲು ಹೊರಟ ಮಸೂದೆಯನ್ನು ಸವಿತಾ ಸಾವಿಗೆ ಆರು ತಿಂಗಳ ಮೊದಲು 109 ಜನ ಸೋಲಿಸಿದ್ದರು.

ಡಬ್ಲಿನ್, ಗಾಲ್ವೇ, ಕಾರ್ಕ್ ಬೀದಿಗಳಲ್ಲಿ ಜನ ಮೇಣದಬತ್ತಿ ಹಿಡಿದು ನಿಂತ ಮೇಲೆ ಸರ್ಕಾರಕ್ಕೆ ಅವಸರ ಹತ್ತಿತು. 2013ರ ಜುಲೈನಲ್ಲಿ ಕಾನೂನು ಬಂತು. ಪುಕ್ಕಲು ಕಾನೂನು. ಆತ್ಮಹತ್ಯೆಯ ಅಪಾಯವಿದ್ದರೆ ಮೂವರು ವೈದ್ಯರ ಸಹಿ ಬೇಕು. ಕಾನೂನುಬಾಹಿರ ಗರ್ಭಪಾತಕ್ಕೆ ಹದಿನಾಲ್ಕು ವರ್ಷದವರೆಗೆ ಜೈಲು. ಅಷ್ಟಕ್ಕೂ ಅದನ್ನು ವಿರೋಧಿಸಿದವರಿದ್ದರು. ಫಿನ ಗೇಲ್ ಪಕ್ಷ ತನ್ನ ಸಚಿವೆ ಲುಸಿಂಡಾ ಕ್ರೇಟನ್ ಅವರನ್ನು ಹೊರಗಟ್ಟಿತು. ಶಿನ್ ಫೇನ್ ಮಸೂದೆಯ ಪರ ವಿಪ್ ಕೊಟ್ಟಿತು; ಟೊಬೀನ್ ವಿರುದ್ಧ ಮತ ಹಾಕಿ ಮೊದಲ ಬಾರಿ ಆರು ತಿಂಗಳ ಅಮಾನತು ಅನುಭವಿಸಿದರು. ಮಸೂದೆಗೆ ಸಹಿ ಹಾಕಿದ ರಾಷ್ಟ್ರಾಧ್ಯಕ್ಷರು ಗಾಲ್ವೇಯ ಅದೇ ಮೈಕೆಲ್ ಡಿ. ಹಿಗ್ಗಿನ್ಸ್.

ಇನ್ನು ಆ್ಯನ್ ಫೆರಿಸ್. 2015ರ ಮಸೂದೆಯೂ ಕ್ಲೇರ್ ಡೇಲಿಯವರದ್ದೇ. ಬದುಕಲಾಗದ ಭ್ರೂಣವನ್ನು ತಿಂಗಳುಗಟ್ಟಲೆ ಹೊತ್ತು ತಿರುಗುತ್ತ, ಹೆರಿಗೆ ಯಾವಾಗ ಎಂದು ಅಂಗಡಿಯಲ್ಲಿ ಕೇಳಿದವರಿಗೆಲ್ಲ ನಗುಮುಖ ತೋರಿಸಬೇಕಾದ ಹೆಂಗಸರು ಆಗ ತಮ್ಮ ಕಥೆಗಳನ್ನು ಬಹಿರಂಗವಾಗಿ ಹೇಳಲು ಶುರು ಮಾಡಿದ್ದರು. ಲೇಬರ್ ಪಕ್ಷದ ಬಹುತೇಕ ಸದಸ್ಯರಿಗೆ ಇದರ ಬಗ್ಗೆ ಸಹಾನುಭೂತಿ ಇತ್ತು. ಆದರೆ ಮಸೂದೆ ಸಂವಿಧಾನಬಾಹಿರ ಎಂದು ಸರ್ಕಾರ ಹೇಳಿತು, ವಿಪ್ ಬಂತು, ಎಲ್ಲರೂ ತಲೆ ತಗ್ಗಿಸಿ ವಿರುದ್ಧ ಮತ ಹಾಕಿದರು. ಫೆರಿಸ್ ಒಬ್ಬರು ಹಾಕಲಿಲ್ಲ. ಅದೇ ವರ್ಷ ಮುಗಿಯುವ ಮುಂಚೆ ಲೇಬರ್ ಪಕ್ಷ ಎಂಟನೇ ತಿದ್ದುಪಡಿಯನ್ನೇ ಕಿತ್ತುಹಾಕುತ್ತೇವೆ ಎಂದು ಘೋಷಿಸಿತು! ಫೆಬ್ರುವರಿಯ ಅಪರಾಧ ನವೆಂಬರಿಗೆ ಪಕ್ಷದ ಕಾರ್ಯಕ್ರಮವಾಗಿತ್ತು. 2016ರ ಚುನಾವಣೆಯಲ್ಲಿ 37 ಸ್ಥಾನಗಳ ಪಕ್ಷ 7ಕ್ಕೆ ಕುಸಿಯಿತು. ಫೆರಿಸ್ ಕೂಡ ಸೋತರು. ಆ ಸೋಲಿಗೆ ಕಾರಣ ಗರ್ಭಪಾತವಲ್ಲ, ಸಾಲದ ಬಿಕ್ಕಟ್ಟಿನಲ್ಲಿ ಬಡವರ ಮೇಲೆ ಹೇರಿದ ವೆಚ್ಚಕಡಿತ. ಅಲ್ಲೂ ಪಕ್ಷ ಸಿದ್ಧಾಂತವನ್ನು ಬಿಟ್ಟು ವಿಪ್ ಹಿಡಿದುಕೊಂಡಿತ್ತು ಎನ್ನುವುದು ಬೇರೆ ಉಪನ್ಯಾಸಕ್ಕೆ ವಿಷಯ.

ಆಮೇಲಿನದು ನಿಮಗೆ ಗೊತ್ತಿರುವ ಇತಿಹಾಸ. ಚೀಟಿ ಎತ್ತಿದಂತೆ ಆರಿಸಿದ 99 ಮಂದಿ ಸಾಮಾನ್ಯ ನಾಗರಿಕರ ಸಭೆ, ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಮೇರಿ ಲಫಾಯ್ ಅಧ್ಯಕ್ಷತೆಯಲ್ಲಿ, ರಾಜಕಾರಣಿಗಳು ಊಹಿಸದಷ್ಟು ಉದಾರವಾದ ಶಿಫಾರಸು ಮಾಡಿತು. 2018ರ ಮೇ 25ರಂದು ಶೇ 66.4ರಷ್ಟು ಮತದಾರರು ಎಂಟನೇ ತಿದ್ದುಪಡಿಯನ್ನು ಕಿತ್ತುಹಾಕಿದರು. ಬೇಡ ಎಂದ ಕ್ಷೇತ್ರ ಡೊನೆಗಾಲ್ ಒಂದೇ. ಮತದಾನಕ್ಕೆ ಮುನ್ನ ಸವಿತಾ ಅವರ ತಂದೆ ಬೆಳಗಾವಿಯಿಂದ ಐರಿಷ್ ಜನರಿಗೆ ಮನವಿ ಮಾಡಿದ್ದರು. ಡಬ್ಲಿನ್ನಿನ ಪೋರ್ಟೊಬೆಲ್ಲೊ ಬಡಾವಣೆಯಲ್ಲಿ ಸವಿತಾ ಅವರ ಭಿತ್ತಿಚಿತ್ರದ ಮೇಲೆ ಜನ ಚೀಟಿ ಅಂಟಿಸಿ ಕ್ಷಮೆ ಕೇಳಿದರು.

ಶಿನ್ ಫೇನ್ ಈ ಪ್ರಚಾರದಲ್ಲಿ ಮುಂಚೂಣಿಯಲ್ಲಿತ್ತು. ಆದರೆ ಗಮನಿಸಬೇಕಾದ ಒಂದು ವಿವರವಿದೆ. ಹನ್ನೆರಡು ವಾರಗಳವರೆಗೆ ಕಾರಣ ಕೇಳದೆ ಗರ್ಭಪಾತಕ್ಕೆ ಅವಕಾಶ ಎಂಬ ಸರ್ಕಾರದ ಪ್ರಸ್ತಾವ ಜನರ ಮುಂದಿತ್ತಲ್ಲ, ಮತದಾನದ ದಿನ ಅದು ಶಿನ್ ಫೇನ್ ಪಕ್ಷದ ನಿಲುವೇ ಆಗಿರಲಿಲ್ಲ. ಪಕ್ಷ ಆ ಅವಕಾಶವನ್ನು ಒಪ್ಪಿಕೊಂಡದ್ದು ಜೂನ್ 16ರಂದು, ಬೆಲ್‌ಫಾಸ್ಟ್ ಮಹಾಧಿವೇಶನದಲ್ಲಿ. ಅಂದರೆ ಜನ ತೀರ್ಪು ಕೊಟ್ಟು ಮೂರು ವಾರವಾದ ಮೇಲೆ. ಅದೇ ಅಧಿವೇಶನದಲ್ಲಿ, ಈ ಒಂದು ವಿಷಯದಲ್ಲಿ ಸದಸ್ಯರಿಗೆ ಆತ್ಮಸಾಕ್ಷಿಯ ಮತ ಇರಲಿ ಎಂಬ ನಿರ್ಣಯವೂ ಬಂತು, ಬಿದ್ದುಹೋಯಿತು. ಮಾರ್ಚ್‌ನಲ್ಲೇ ಅಮಾನತಿಗೆ ಒಳಗಾಗಿದ್ದ ಆಫಲಿಯ ಕ್ಯಾರಲ್ ನೋಲನ್ ಪಕ್ಷ ಬಿಟ್ಟರು. ಅಕ್ಟೋಬರಿನಲ್ಲಿ ಟೊಬೀನ್ ಸರದಿ. ಮಡಿಯುಟ್ಟವರಿಗೆ ಗಡಿಯಾರದ ಲೆಕ್ಕ ಮುಖ್ಯ ನೋಡಿ: ಮೀಯುವ ಮುಂಚೆ ಮುಟ್ಟಿದ್ದು ಲೆಕ್ಕಕ್ಕಿಲ್ಲ, ಮಿಂದ ಮೇಲೆ ಯಾರಾದರೂ ಸೋಕಿದರೆ ಮೈಲಿಗೆ. ಪಕ್ಷ ಜೂನ್‌ನಲ್ಲಿ ಮಿಂದಿತ್ತು. ಮೇ ತನಕ ತಾನೇ ಎಲ್ಲಿದ್ದೆ ಎಂಬುದು ಅಕ್ಟೋಬರಿಗೆ ಮರೆತಿತ್ತು.

ಹಾಗೆಂದು ಟೊಬೀನ್ ಪರ ವಕಾಲತ್ತು ವಹಿಸಲು ನಾನು ಬಂದಿಲ್ಲ. ಅವರ ವಾದವನ್ನು ಗೌರವದಿಂದ ಕೇಳೋಣ. ವಸತಿ, ಉದ್ಯೋಗ, ಐರಿಷ್ ಭಾಷೆ, ದೇಶದ ಏಕೀಕರಣ ಇವೆಲ್ಲದರಲ್ಲೂ ಪಕ್ಷದ ಜೊತೆಗೇ ಇದ್ದೇನೆ. ಜೀವದ ಪ್ರಶ್ನೆಯಲ್ಲಿ ಮಾತ್ರ ನನ್ನ ಅಂತರಂಗ ಒಪ್ಪುವುದಿಲ್ಲ ಎಂಬುದು ಅವರ ನಿಲುವು. ಕೆಳಮಧ್ಯಮ ವರ್ಗದ, ಇಗರ್ಜಿಗೆ ಹೋಗುವ, ಎಡಕ್ಕೆ ಮತ ಹಾಕುವ ಸಾವಿರಾರು ಜನರ ಮನಸ್ಸು ಹೀಗೇ ಇತ್ತು. ಇವರನ್ನೆಲ್ಲ ಹೊರಗಿಟ್ಟರೆ ಪಕ್ಷ ಯಾರಿಗಾಗಿ? ಸರಿಯಾದ ಪ್ರಶ್ನೆ.

ಆದರೆ ಅದಕ್ಕೆ ಎದುರಾಗಿ ಹೆಂಗಸರು ಕೇಳಿದ ಪ್ರಶ್ನೆ ನನಗೆ ಇನ್ನೂ ಸರಿಯೆನಿಸುತ್ತದೆ. ಆತ್ಮಸಾಕ್ಷಿ ಶಾಸಕರಿಗೆ ಮಾತ್ರ ಇರುತ್ತದೆಯೇ? ಟೊಬೀನ್ ತಮ್ಮ ನಂಬಿಕೆಯಂತೆ ಬದುಕುವುದನ್ನು ಹೊಸ ಕಾನೂನು ತಡೆಯುತ್ತಿರಲಿಲ್ಲ. ಹಳೆಯ ಕಾನೂನು ಮಾತ್ರ ಗಾಲ್ವೇ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ್ದ, ಕ್ಯಾಥೊಲಿಕ್ ಧರ್ಮಕ್ಕೇ ಸೇರದ ಹೆಣ್ಣೊಬ್ಬಳ ಮಾತಿಗೆ ಬೆಲೆ ಕೊಡಲಿಲ್ಲ. ಒಬ್ಬ ಶಾಸಕನ ಆತ್ಮಸಾಕ್ಷಿಯ ಮತ ಗೆದ್ದರೆ ಸಾವಿರಾರು ಹೆಂಗಸರ ಆತ್ಮಸಾಕ್ಷಿಗೆ ಬೀಗ ಬೀಳುತ್ತದೆ. ಇದನ್ನು ಕೇವಲ ವೈಯಕ್ತಿಕ ನಂಬಿಕೆ ಎಂದು ಪಕ್ಕಕ್ಕಿಡಲಾಗದು. ಆದ್ದರಿಂದ, ಸದಸ್ಯರು ಬಹಿರಂಗವಾಗಿ ಚರ್ಚಿಸಿ, ಮತ ಹಾಕಿ ತೀರ್ಮಾನಿಸಿದ ನೀತಿಯ ಮೇಲೆ ಪಕ್ಷ ತನ್ನ ಶಾಸಕರನ್ನು ಕಟ್ಟಿಹಾಕುವುದು ನ್ಯಾಯವೇ ಎಂದು ನನ್ನ ಅಭಿಪ್ರಾಯ. ಆ ಲೆಕ್ಕದಲ್ಲಿ ಶಿನ್ ಫೇನ್ ಟೊಬೀನ್‌ಗೆ ಕೊಟ್ಟ ಶಿಕ್ಷೆ ಕ್ರಮಬದ್ಧ. ಲೇಬರ್ ಫೆರಿಸ್‌ಗೆ ಕೊಟ್ಟದ್ದು ಹಾಗಲ್ಲ. ಅಲ್ಲಿ ಶಿಕ್ಷೆಯಾದದ್ದು ಮಿತ್ರಪಕ್ಷದೊಡನೆ ಕುದುರಿಸಿದ ಒಪ್ಪಂದವನ್ನು ಮುರಿದದ್ದಕ್ಕೆ.

ಬಲಪಂಥದವರು ಇದರಲ್ಲಿ ಜಾಣತನ ತೋರಿಸಿದರು. ಫಿಯನ್ನ ಫಾಲ್ ಪಕ್ಷದ ನಾಯಕ ಮೀಹಾಲ್ ಮಾರ್ಟಿನ್ 2018ರ ಜನವರಿಯಲ್ಲಿ ತಮ್ಮ ಮನಸ್ಸು ಬದಲಾಗಿದೆ ಎಂದು ಸದನದಲ್ಲಿ ಹೇಳಿದರು. ಅವರ ಶಾಸಕರಲ್ಲಿ ಹೆಚ್ಚಿನವರು ತದ್ವಿರುದ್ಧ ನಿಂತರು. ಎಲ್ಲರಿಗೂ ಮುಕ್ತ ಮತ, ಪಕ್ಷ ಒಡೆಯಲಿಲ್ಲ. ಇದನ್ನು ಉದಾರತೆ ಎಂದು ಹೊಗಳುವವರಿದ್ದಾರೆ. ನನಗೆ ಅದು ಅಂಗಡಿ ಮುಚ್ಚದಂತೆ ನೋಡಿಕೊಳ್ಳುವ ವ್ಯವಹಾರ ಜ್ಞಾನವಾಗಿ ಕಾಣುತ್ತದೆ. ತಪ್ಪೇನಿಲ್ಲ, ಆದರೆ ಅದಕ್ಕೆ ತತ್ತ್ವದ ಹೆಸರು ಬೇಡ.

ಪಕ್ಷದ ಬಿಗಿ ನೀತಿ ಎಲ್ಲಿ ಎಡವುತ್ತದೆ ಎಂಬುದಕ್ಕೂ ಶಿನ್ ಫೇನ್ ಪಕ್ಷವೇ ಉದಾಹರಣೆ. 2021ರ ಮಾರ್ಚ್‌ನಲ್ಲಿ ಉತ್ತರ ಐರ್ಲೆಂಡಿನ ವಿಧಾನಸಭೆಯಲ್ಲಿ, ಭ್ರೂಣಕ್ಕೆ ತೀವ್ರ ನ್ಯೂನತೆ ಇದ್ದಾಗ ಇದ್ದ ಅವಕಾಶವನ್ನು ಕಿತ್ತುಕೊಳ್ಳುವ ಮಸೂದೆಯನ್ನು ಅಲ್ಲಿನ ಡಿಯುಪಿ ಪಕ್ಷ ತಂದಿತು. ಡಬ್ಲಿನ್ನಿನಲ್ಲಿ ಟೊಬೀನ್ ಅವರನ್ನು ಶಿಕ್ಷಿಸಿದ ಪಕ್ಷ ಬೆಲ್‌ಫಾಸ್ಟ್‌ನಲ್ಲಿ ಆ ಹಂತದ ಮತದಾನದಿಂದ ದೂರ ಉಳಿಯಿತು. ಜೀವಕ್ಕೆ ಕುತ್ತಾಗದ ನ್ಯೂನತೆಯ ಬಗ್ಗೆ 2018ರ ನಿರ್ಣಯ ಏನನ್ನೂ ಹೇಳಿರಲಿಲ್ಲ. ಹೇಳದ ಕಡೆ ಮೌನ. ಮಹಿಳಾ ಸಂಘಟನೆಗಳು ಕೆಂಡವಾದವು. ಪಠ್ಯಕ್ಕೆ ನಿಷ್ಠರಾಗುವುದಕ್ಕೂ ಆ ಪಠ್ಯ ಯಾರಿಗಾಗಿ ಬರೆದದ್ದೋ ಅವರಿಗೆ ನಿಷ್ಠರಾಗುವುದಕ್ಕೂ ನಡುವೆ ಎಷ್ಟು ದೂರ ಎಂದು ಅಂದು ಕಾಣಿಸಿತು.

ಹೊರಹೋದವರ ಗತಿಯೇನಾಯಿತು? ಟೊಬೀನ್ 2018ರ ನವೆಂಬರಿನಲ್ಲಿ ರಾಜೀನಾಮೆ ಕೊಟ್ಟು, 2019ರ ಜನವರಿಯಲ್ಲಿ ಏಂಟೂ ಎಂಬ ಹೊಸ ಪಕ್ಷ ಕಟ್ಟಿದರು. 2020ರ ಚುನಾವಣೆಯಲ್ಲಿ ಅವರೂ ಗೆದ್ದರು, ಪಕ್ಷೇತರರಾಗಿ ನಿಂತ ನೋಲನ್ ಅವರೂ ಗೆದ್ದರು. ಅದೇ ಚುನಾವಣೆಯಲ್ಲಿ ಶಿನ್ ಫೇನ್ ಶೇ 24.5ರಷ್ಟು ಮೊದಲ ಪ್ರಾಶಸ್ತ್ಯದ ಮತ ಪಡೆದು ಎಲ್ಲರಿಗಿಂತ ಮುಂದೆ ಬಂತು. ಇಬ್ಬರನ್ನು ಕಳೆದುಕೊಂಡು ಪಕ್ಷ ಸಾಯಲಿಲ್ಲ. ಪಕ್ಷ ಕಳೆದುಕೊಂಡು ಇಬ್ಬರೂ ಸಾಯಲಿಲ್ಲ. 2024ರಲ್ಲಿ ಏಂಟೂ ಎರಡು ಸ್ಥಾನ ಗೆದ್ದಿತು. ಇತ್ತ 2018ರ ಕಾಯ್ದೆಯಲ್ಲಿ ಸೇರಿಕೊಂಡ ಮೂರು ದಿನದ ಕಡ್ಡಾಯ ಕಾಯುವಿಕೆಯನ್ನು ಕೈಬಿಡಿ ಎಂದು 2023ರ ಪರಾಮರ್ಶೆ ವರದಿ ಹೇಳಿತು. ವೈದ್ಯರ ಬಳಿ ಒಮ್ಮೆ ಹೋಗಿ, ಮೂರು ದಿನ ಬಿಟ್ಟು ಮತ್ತೊಮ್ಮೆ ಹೋಗಬೇಕೆಂದರೆ ಹಳ್ಳಿಯ ಹೆಂಗಸಿಗೆ ಎರಡು ದಿನದ ಕೂಲಿ, ಎರಡು ಬಾರಿಯ ಬಸ್ಸು ಎಂದು ಬಿಡಿಸಿ ಹೇಳಬೇಕಿಲ್ಲ.

ನಾನು ನಿಮ್ಮ ಗಮನ ಸೆಳೆಯಬೇಕೆಂದಿರುವುದು ಒಂದು ತಾಂತ್ರಿಕ ಸಂಗತಿಯತ್ತ. ಫೆರಿಸ್, ಟೊಬೀನ್, ನೋಲನ್ ಮೂವರೂ ವಿಪ್ ಮುರಿದರು, ಮೂವರೂ ಪಕ್ಷದ ಬೆಂಚಿನಿಂದ ಎದ್ದು ಹೋಗಬೇಕಾಯಿತು. ಸಂಸತ್ತಿನ ಸ್ಥಾನವನ್ನು ಮಾತ್ರ ಯಾರೂ ಕಳೆದುಕೊಳ್ಳಲಿಲ್ಲ. ಪಕ್ಷ ಕೊಟ್ಟ ಬ್ಯಾಡ್ಜನ್ನು ಪಕ್ಷ ಕಿತ್ತುಕೊಳ್ಳಬಹುದು, ಮತದಾರ ಕೊಟ್ಟ ಸ್ಥಾನವನ್ನು ಮತದಾರನೇ ಕಿತ್ತುಕೊಳ್ಳಬೇಕು ಎಂಬುದು ಅಲ್ಲಿನ ಕ್ರಮ. ಮತದಾರರು ಒಬ್ಬರನ್ನು ಸೋಲಿಸಿದರು, ಇಬ್ಬರನ್ನು ಗೆಲ್ಲಿಸಿದರು.

ನಮ್ಮಲ್ಲಿ ವಿಪ್ ಎಂದರೆ ರೆಸಾರ್ಟ್ ನೆನಪಾಗುತ್ತದೆ. 2019ರಲ್ಲಿ ಕರ್ನಾಟಕದ 17 ಶಾಸಕರ ಅನರ್ಹತೆ ಯಾವ ತತ್ತ್ವಕ್ಕಾಗಿ ನಡೆದದ್ದು ಎಂದು ಇಲ್ಲಿ ಕೇಳಿದರೆ ನೀವು ನಗುತ್ತೀರಿ. ಅಂಥ ವಲಸೆಯನ್ನು ತಡೆಯಲೆಂದೇ 1985ರಲ್ಲಿ ಸಂವಿಧಾನಕ್ಕೆ ಹತ್ತನೇ ಅನುಸೂಚಿ ಸೇರಿದ್ದು. ಆದರೆ ಅದು ಖರೀದಿಯಾದವನನ್ನೂ ಫೆರಿಸ್ ಅಂಥವರನ್ನೂ ಒಂದೇ ತಕ್ಕಡಿಯಲ್ಲಿಡುತ್ತದೆ. ಪಕ್ಷದ ನಿರ್ದೇಶನ ಮೀರಿ ಮತ ಹಾಕಿದರೆ, ಪಕ್ಷ ಹದಿನೈದು ದಿನದೊಳಗೆ ಮನ್ನಿಸದಿದ್ದರೆ, ಸ್ಥಾನವೇ ಹೋಗುತ್ತದೆ. ವಿಶ್ವಾಸಮತ, ಹಣಕಾಸು ಮಸೂದೆಯಂಥ ಸರ್ಕಾರದ ಉಳಿವಿನ ಪ್ರಶ್ನೆಗಳಿಗೆ ಮಾತ್ರ ಈ ಶಿಕ್ಷೆ ಸೀಮಿತವಾಗಲಿ ಎಂದು ದಿನೇಶ್ ಗೋಸ್ವಾಮಿ ಸಮಿತಿ 1990ರಲ್ಲೇ ಹೇಳಿತು. ಕಾನೂನು ಓದುತ್ತಿರುವ ವಿದ್ಯಾರ್ಥಿಗಳು ಆ ವರದಿಯನ್ನು ತೆಗೆದು ಓದಬೇಕು. ನಿಮ್ಮ ಕ್ಷೇತ್ರದ ಸಂಸದರು ಎದುರಾದಾಗ ಅದರ ಬಗ್ಗೆ ಕೇಳಬೇಕು. ಪಕ್ಷದ ಮಡಿಯನ್ನು ಪಕ್ಷ ನೋಡಿಕೊಳ್ಳಲಿ, ನಮ್ಮ ಪ್ರತಿನಿಧಿ ಹೇಗೆ ಮತ ಹಾಕಿದರು ಎಂದು ತಿಳಿಯುವ ಹಕ್ಕು ನಮ್ಮದು.

ಈಗ ಆ ಹಕ್ಕು ಎಷ್ಟಿದೆ ಎಂಬುದಕ್ಕೆ ಇಂದಿನ ವಿಷಯದಿಂದಲೇ ಒಂದು ನಿದರ್ಶನ ಕೊಡುತ್ತೇನೆ. ಕೆಲವು ವರ್ಗದ ಮಹಿಳೆಯರಿಗೆ ಗರ್ಭಪಾತದ ಮಿತಿಯನ್ನು 20 ವಾರದಿಂದ 24 ವಾರಕ್ಕೆ ಏರಿಸಿದ ತಿದ್ದುಪಡಿ ಮಸೂದೆಗೆ ಲೋಕಸಭೆ 2020ರ ಮಾರ್ಚ್‌ನಲ್ಲಿ, ರಾಜ್ಯಸಭೆ 2021ರ ಮಾರ್ಚ್‌ನಲ್ಲಿ ಒಪ್ಪಿಗೆ ಕೊಟ್ಟವು. ಎರಡೂ ಕಡೆ ಅಂಗೀಕಾರ ಧ್ವನಿಮತದಿಂದ. ಕರ್ನಾಟಕದ ಯಾವ ಸದಸ್ಯರು ಯಾವ ಕಡೆ ದನಿಗೂಡಿಸಿದರು ಎಂಬುದು ದಾಖಲೆಯಲ್ಲಿಲ್ಲ.